ಹಿಮದ ಮೇಲೆ ಬಂಡಿ ಓಡಿಸಿದ ಬೊಂಬಾರ್ಡಿಯೆ

ಗೆಳೆಯರೇ, ಹಿಮ ಬಿದ್ದು ದಾರಿಯೆಲ್ಲ ಮುಚ್ಚಿದರೆ ಹಳ್ಳಿಯ ಗತಿ ಏನು? ನಾನು ಓದಿ ತಿಳಿದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಅವರ ಕಥೆ ಹೇಳ್ತೀನಿ, ಕೇಳಿ.

ಅವರು 1907ರಲ್ಲಿ ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬಲ್ಲಿ ಹುಟ್ಟಿದರು. ಮನೆಮಾತು ಫ್ರೆಂಚ್. 15ನೇ ವಯಸ್ಸಿಗೇ ಹಳೇ ಫೋರ್ಡ್ ಕಾರಿನ ಇಂಜಿನ್‌ಗೆ ಫ್ಯಾನಿನಂಥ ರೆಕ್ಕೆ ಕಟ್ಟಿ ಹಿಮದ ಮೇಲೆ ಬಂಡಿ ಓಡಿಸಿದರು. ಅಪಾಯ ಅಂತ ಅಪ್ಪ ಅದನ್ನು ಬಿಚ್ಚಿಸಿಬಿಟ್ಟರು! 1926ರಲ್ಲಿ ಊರಲ್ಲೇ ಗ್ಯಾರೇಜು ತೆರೆದರು. ಚಳಿಗಾಲ ಬಂದಾಗಲೆಲ್ಲ ಹಿಮದ ಬಂಡಿಯದೇ ಪ್ರಯೋಗ.

1934ರ ಚಳಿಗಾಲ. ಎರಡು ವರ್ಷದ ಮಗ ಇವೊನ್‌ಗೆ ಕಾಯಿಲೆ ಜೋರಾಯ್ತು. ಆಸ್ಪತ್ರೆ ಸುಮಾರು 50 ಕಿ.ಮೀ. ದೂರದ ಶೆರ್‌ಬ್ರೂಕ್‌ನಲ್ಲಿ. ದಾರಿ ತುಂಬ ಹಿಮ. ಅಪ್ಪನ ಬಂಡಿ ಇನ್ನೂ ಸಿದ್ಧವಾಗಿರಲಿಲ್ಲ. ಮಗು ತೀರಿಕೊಂಡಿತು.

ಅವರು ಅಳುತ್ತಾ ಕೂರಲಿಲ್ಲ. ಹಲ್ಲುಚಕ್ರಕ್ಕೆ ರಬ್ಬರು ಹೊದಿಸಿ, ಅದರ ಮೇಲೆ ಪಟ್ಟಿ ತಿರುಗುವ ಹಾಗೆ ಮಾಡಿ, 1937ರಲ್ಲಿ ಪೇಟೆಂಟ್ ಪಡೆದರು. ಏಳು ಜನ ಕೂರುವ ಬಂಡಿ ಬಂತು. 1942ರಲ್ಲಿ ಕಂಪನಿ ಕಟ್ಟಿದರು. 1948ರ ನಂತರ ಸರ್ಕಾರವೇ ರಸ್ತೆಯ ಹಿಮ ತೆಗೆಸತೊಡಗಿತು, ವ್ಯಾಪಾರ ಬಿತ್ತು. ಆದರೂ ಬಿಡದೆ ಕಾಡುಕೆಲಸದ ಬಂಡಿ ಮಾಡಿದರು. 1959ರಲ್ಲಿ ಹಗುರವಾದ ಸ್ಕಿ-ಡೂ ಬಂತು. 1964ರಲ್ಲಿ, 56ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ದೊಡ್ಡ ಬಂಡಿಗಳಲ್ಲಿ ರೋಗಿಗಳು ಆಸ್ಪತ್ರೆಗೆ, ಮಕ್ಕಳು ಶಾಲೆಗೆ ಹೋದರು. ಇವೊನ್‌ಗೆ ಸಿಗದ ಬಂಡಿ ಬೇರೆ ಮಕ್ಕಳಿಗೆ ಸಿಕ್ತು. ನನಗೆ ಅದೇ ದೊಡ್ಡದು ಅನ್ನಿಸ್ತು.