ಹರಳುಗಳ ಗೆಳತಿ ಡೊರೊಥಿ ಹಾಡ್ಜ್‌ಕಿನ್



ಇಳಕಲ್ ಸೀರೆಯ ಅಂಚನ್ನು ಗಮನಿಸಿದ್ದೀರಾ? ಒಂದೇ ಚಿತ್ತಾರ ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಉಪ್ಪು, ಸಕ್ಕರೆಯ ಹರಳುಗಳಲ್ಲಿಯೂ ಕಣಗಳು ಹೀಗೆಯೇ ಸಾಲಾಗಿ ಜೋಡಣೆಯಾಗಿರುತ್ತವೆ. ಇಂಥ ಜೋಡಣೆಯನ್ನು ತಿಳಿಯಲು ಬಾಳೆಲ್ಲ ದುಡಿದವರು ಡೊರೊಥಿ ಹಾಡ್ಜ್‌ಕಿನ್.

ಇವರು 1910ರ ಮೇ 12ರಂದು ಈಜಿಪ್ಟಿನ ಕೈರೋ ನಗರದಲ್ಲಿ ಜನಿಸಿದರು. ತಂದೆತಾಯಿ ಇಂಗ್ಲೆಂಡಿನವರು. ನಿಮ್ಮಷ್ಟೇ ವಯಸ್ಸಿನಲ್ಲಿ ಇವರಿಗೆ ಹರಳು ಬೆಳೆಸುವ ಹುಚ್ಚು ಹಿಡಿಯಿತು. ಇವರ ಶಾಲೆಯಲ್ಲಿ ಹುಡುಗರೊಂದಿಗೆ ರಸಾಯನಶಾಸ್ತ್ರ ಕಲಿಯಲು ಅವಕಾಶ ಸಿಕ್ಕಿದ್ದು ಇಬ್ಬರು ಹುಡುಗಿಯರಿಗೆ ಮಾತ್ರ. ಅವರಲ್ಲಿ ಡೊರೊಥಿ ಒಬ್ಬರು. ಇಪ್ಪತ್ತರ ಹರೆಯದಲ್ಲಿಯೇ ಕೀಲುವಾತ ಕಾಡಿತು. ಮುಂದೆ ಕೈಬೆರಳುಗಳು ಸೊಟ್ಟಗಾದವು. ಆದರೂ ಕೆಲಸ ನಿಲ್ಲಿಸಲಿಲ್ಲ.

ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿದರೆ ಫಿಲ್ಮಿನ ಮೇಲೆ ಚುಕ್ಕೆಗಳು ಮೂಡುತ್ತವೆ. ಆ ಚುಕ್ಕೆಗಳಿಂದ ಲೆಕ್ಕ ಹಾಕಿ ಅಣುವಿನ ರಚನೆ ತಿಳಿಯಬೇಕು. ಮಧುಮೇಹಿಗಳ ಜೀವ ಉಳಿಸುವ ಇನ್ಸುಲಿನ್ ಹರಳಿನ ಇಂಥ ಚಿತ್ರವನ್ನು ಇವರು ತೆಗೆದದ್ದು 1930ರ ದಶಕದಲ್ಲಿ. ಅದರ ರಚನೆ ತಿಳಿದದ್ದು 1969ರಲ್ಲಿ! ಆ ತಂಡದಲ್ಲಿ ನಮ್ಮ ದೇಶದ ಎಂ. ವಿಜಯನ್ ಇದ್ದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಈ ನಡುವೆ, 1956ರ ಹೊತ್ತಿಗೆ, ಕೆಂಪು ಹರಳಿನ ಬಿ12 ಜೀವಸತ್ವದ ರಚನೆಯನ್ನೂ ಡೊರೊಥಿ ಕಂಡುಹಿಡಿದಿದ್ದರು. 1964ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. 1994ರ ಜುಲೈ 29ರಂದು ನಿಧನರಾದರು.

ಈ ಬಿ12ಕ್ಕೂ ನಿಮ್ಮ ಮನೆಗೂ ನಂಟಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್, ಯಾವ ಊರಿಗೆ ಹೋದರೂ ಮಧುಮೇಹಕ್ಕೆ, ಅಂದರೆ ಸಕ್ಕರೆ ಕಾಯಿಲೆಗೆ, ಮೆಟ್‌ಫಾರ್ಮಿನ್ ಗುಳಿಗೆ ನುಂಗುವ ಅಜ್ಜ-ಅಜ್ಜಿಯರಿದ್ದಾರೆ. ಅದು ಒಳ್ಳೆಯ ಔಷಧ. ಆದರೆ ವರ್ಷಗಟ್ಟಲೆ ನುಂಗಿದಾಗ ಕೆಲವರ ಕರುಳು ಆಹಾರದಲ್ಲಿನ ಬಿ12 ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಜೋಳದ ರೊಟ್ಟಿ, ಕಾಳುಪಲ್ಯಗಳಲ್ಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಇದರ ಕೊರತೆಯಾದರೆ ಸುಸ್ತು, ರಕ್ತಹೀನತೆ ಉಂಟಾಗುತ್ತವೆ. ಪಾದಗಳು ಜೋಮು ಹಿಡಿಯುತ್ತವೆ. ಜೋಮು ಹಿಡಿದ ಕಾಲಿಗೆ ಮುಳ್ಳು ಚುಚ್ಚಿದರೂ ತಿಳಿಯದೆ ಗಾಯ ದೊಡ್ಡದಾಗಬಹುದು. ಸಕ್ಕರೆ ಕಾಯಿಲೆಯಿಂದಲೂ ಹೀಗೆ ಜೋಮು ಬರುತ್ತದೆ. ಬಿ12 ಕೊರತೆ ಇದೆಯೇ ಎಂಬುದನ್ನು ರಕ್ತಪರೀಕ್ಷೆ ತಿಳಿಸುತ್ತದೆ. ಇದ್ದರೆ ಬಿ12 ಗುಳಿಗೆ ಅಥವಾ ಚುಚ್ಚುಮದ್ದಿನಿಂದ ನೀಗಿಸಬಹುದು. ತಡಮಾಡಿದರೆ ನರಗಳ ತೊಂದರೆ ಹಾಗೆಯೇ ಉಳಿಯಬಹುದು.

ಇಂದು ಸಂಜೆ ಮನೆಯ ಹಿರಿಯರ ಹತ್ತಿರ ಕೂತು ಕೇಳಿ: ಎಷ್ಟು ವರ್ಷದಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ? ಪಾದ ಜೋಮು ಹಿಡಿಯುತ್ತದೆಯೇ? ಹೌದೆಂದರೆ, ಅದನ್ನು ವೈದ್ಯರಿಗೆ ತಿಳಿಸಲು ಹೇಳಿ. ಗುಳಿಗೆ ಬಿಡಿ ಎಂದು ಮಾತ್ರ ಹೇಳಬೇಡಿ. ಅವರ ಅಂಗಾಲನ್ನು ದಿನವೂ ಬೆಳಕಿನಲ್ಲಿ ನೋಡಿ, ಗಾಯವಿದೆಯೇ ಎಂದು ಪರೀಕ್ಷಿಸಿ. ಈ ಕೆಲಸ ನಿಮ್ಮದಾಗಲಿ.