ನೀಲಿ ಮಕ್ಕಳ ವೈದ್ಯೆ ಹೆಲೆನ್ ಟೌಸಿಗ್

ಹುಟ್ಟುವಾಗಲೇ ಹೃದಯದಲ್ಲಿ ದೋಷವಿದ್ದು, ಎಳವೆಯಲ್ಲೇ ಶಸ್ತ್ರಚಿಕಿತ್ಸೆಯಾಗಿ ಬದುಕುಳಿದವರು ಇಂದು ಲಕ್ಷಾಂತರ ಮಂದಿ. ಅವರಲ್ಲಿ ಅನೇಕರು ದುಡಿಯುತ್ತಿದ್ದಾರೆ, ಸಂಸಾರ ನಡೆಸುತ್ತಿದ್ದಾರೆ, ಮಕ್ಕಳನ್ನು ಸಾಕುತ್ತಿದ್ದಾರೆ. ಇವರ ಬಾಳಿಗೆ ದಾರಿ ಮಾಡಿಕೊಟ್ಟವರಲ್ಲಿ ಅಮೆರಿಕದ ವೈದ್ಯೆ ಡಾ. ಹೆಲೆನ್ ಟೌಸಿಗ್ ಅವರ ಹೆಸರು ಮೊದಲ ಸಾಲಿನಲ್ಲಿದೆ. ಮಗು ಉಳಿದರೆ ಸಾಲದು, ದೊಡ್ಡವನಾದ ಮೇಲೂ ಅದರ ಹೃದಯದ ಮೇಲೆ ಕಣ್ಣಿಟ್ಟಿರಬೇಕು ಎಂಬುದನ್ನು ತಮ್ಮ ಕೆಲಸದಿಂದ ತೋರಿಸಿಕೊಟ್ಟವರು ಅವರು.

ಹೆಲೆನ್ ಹುಟ್ಟಿದ್ದು 1898ರ ಮೇ 24ರಂದು, ಮಸಾಚುಸೆಟ್ಸ್ ರಾಜ್ಯದ ಕೇಂಬ್ರಿಡ್ಜ್‌ನಲ್ಲಿ. ತಂದೆ ಫ್ರಾಂಕ್ ಟೌಸಿಗ್ ಹಾರ್ವರ್ಡ್ ವಿಶ್ವವಿದ್ಯಾಲಯದ ಹೆಸರಾಂತ ಅರ್ಥಶಾಸ್ತ್ರಜ್ಞರು. ಹನ್ನೊಂದರ ಹರೆಯದಲ್ಲೇ ಆಕೆ ತಾಯಿಯನ್ನು ಕ್ಷಯರೋಗಕ್ಕೆ ಕಳೆದುಕೊಂಡರು. ಅಕ್ಷರಗಳನ್ನು ಗುರುತಿಸಿ ಓದುವುದೇ ಆ ಹುಡುಗಿಗೆ ದೊಡ್ಡ ಕಷ್ಟವಾಗಿತ್ತು. ತಂದೆ ತಾಳ್ಮೆಯಿಂದ ಜೊತೆಗೆ ಕುಳಿತು ಓದಿಸಿದರು.

ವೈದ್ಯೆಯಾಗುವ ಹಾದಿಯೂ ಸುಲಭವಾಗಿರಲಿಲ್ಲ. ಹಾರ್ವರ್ಡ್ ವೈದ್ಯಕೀಯ ಶಾಲೆ ಆಗ ಹೆಣ್ಣುಮಕ್ಕಳಿಗೆ ಪದವಿ ಕೊಡುತ್ತಿರಲಿಲ್ಲ. ಕೆಲವು ಪಾಠಗಳಿಗೆ ಬಂದು ಕೂರಬಹುದಿತ್ತು, ಅಷ್ಟೇ. ಹೆಲೆನ್ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು. ಹೃದಯದ ಅಧ್ಯಯನದಲ್ಲಿ ಅವರಿಗೆ ಆಸಕ್ತಿ ಹುಟ್ಟಿದ್ದು ಅಲ್ಲಿಯೇ. ಕೊನೆಗೆ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1927ರಲ್ಲಿ ವೈದ್ಯಕೀಯ ಪದವಿ ಪಡೆದು, 1930ರಲ್ಲಿ ಅಲ್ಲಿನ ಮಕ್ಕಳ ಹೃದಯ ಚಿಕಿತ್ಸಾಲಯದ ಹೊಣೆ ಹೊತ್ತರು.

ಅದೇ ಸುಮಾರಿಗೆ ಅವರ ಕಿವಿ ಮಂದವಾಗತೊಡಗಿತು. ಎದೆಬಡಿತ ಆಲಿಸಬೇಕಾದ ವೈದ್ಯೆಗೆ ಕಿವಿಯೇ ಕೇಳದೆ ಹೋದರೆ ಗತಿಯೇನು? ಹೆಲೆನ್ ಎದೆಗುಂದಲಿಲ್ಲ. ಶ್ರವಣ ಸಾಧನ ಧರಿಸಿದರು, ತುಟಿಗಳ ಚಲನೆ ನೋಡಿ ಮಾತು ತಿಳಿಯಲು ಕಲಿತರು, ಮಗುವಿನ ಎದೆಯ ಮೇಲೆ ಅಂಗೈಯಿಟ್ಟು ಬಡಿತವನ್ನು ಬೆರಳುಗಳಿಂದಲೇ ಓದಿದರು.

ಅವರ ಚಿಕಿತ್ಸಾಲಯಕ್ಕೆ ಬರುತ್ತಿದ್ದವರಲ್ಲಿ ತುಟಿ, ಉಗುರು ನೀಲಿಗಟ್ಟಿದ ಮಕ್ಕಳು ಬಹಳ. ಹೃದಯದ ಎರಡು ಕೆಳಕೋಣೆಗಳ ನಡುವೆ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು. ಹೀಗಾಗಿ ಆಮ್ಲಜನಕವಿಲ್ಲದ ರಕ್ತವೇ ಮೈಯೆಲ್ಲ ಹರಿಯುತ್ತಿತ್ತು. ಫಾಲೊ ಎಂಬ ಫ್ರೆಂಚ್ ವೈದ್ಯರ ಹೆಸರಿನಿಂದ ಕರೆಯುವ ದೋಷ ಇಂಥದು. ನಾಲ್ಕು ಹೆಜ್ಜೆ ನಡೆದರೆ ಮಕ್ಕಳು ಏದುಸಿರು ಬಿಟ್ಟು ಕುಕ್ಕರಗಾಲಿನಲ್ಲಿ ಕುಳಿತುಬಿಡುತ್ತಿದ್ದರು.

ಇವರಲ್ಲಿ ಒಂದು ವಿಷಯವನ್ನು ಹೆಲೆನ್ ಗಮನಿಸಿದರು. ಗರ್ಭದಲ್ಲಿರುವಾಗ ಎಲ್ಲ ಶಿಶುಗಳಲ್ಲೂ ಇರುವ, ಹುಟ್ಟಿದ ಮೇಲೆ ಮುಚ್ಚಿಕೊಳ್ಳುವ ಒಂದು ರಕ್ತನಾಳ ಕೆಲವರಲ್ಲಿ ತೆರೆದೇ ಉಳಿದಿತ್ತು. ಅಂಥವರು ತುಸು ಚೆನ್ನಾಗಿದ್ದರು. ಅದು ಮುಚ್ಚಿದೊಡನೆ ಮಗು ಮತ್ತಷ್ಟು ನೀಲಿಯಾಗುತ್ತಿತ್ತು. ಹಾಗಾದರೆ ಅಂಥ ದಾರಿಯೊಂದನ್ನು ನಾವೇ ಮಾಡಿಕೊಡಬಾರದೇಕೆ ಎಂದು ಅವರು ಯೋಚಿಸಿದರು.

ಈ ಯೋಚನೆಗೆ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲೇಲಾಕ್ ಕೈಜೋಡಿಸಿದರು. ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಈ ವಿಧಾನವನ್ನು ರೂಪಿಸಿದವರು ಕಾಲೇಜು ಮೆಟ್ಟಿಲನ್ನೂ ಹತ್ತಲಾಗದ ಕಪ್ಪು ಜನಾಂಗದ ಸಹಾಯಕ ವಿವಿಯನ್ ಥಾಮಸ್. 1944ರ ನವೆಂಬರ್ 29ರಂದು ಹದಿನೈದು ತಿಂಗಳ ಹೆಣ್ಣುಮಗುವಿಗೆ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ತೋಳಿಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸಿದರು. ಬ್ಲೇಲಾಕ್ ಅವರ ಬೆನ್ನ ಹಿಂದೆ ನಿಂತು ಥಾಮಸ್ ಸೂಚನೆ ಕೊಡುತ್ತಿದ್ದರು. ಆ ಮಗು ಕೆಲವು ತಿಂಗಳು ಮಾತ್ರ ಬದುಕಿತು. ಆದರೆ ಅನಂತರದ ಮಕ್ಕಳ ತುಟಿಗಳು ಕೆಂಪೇರಿದವು. ಸುದ್ದಿ ಹಬ್ಬಿ, ದೇಶವಿದೇಶಗಳ ತಂದೆತಾಯಿಯರು ನೀಲಿ ಮಕ್ಕಳನ್ನೆತ್ತಿಕೊಂಡು ಬಾಲ್ಟಿಮೋರ್‌ಗೆ ಬಂದರು. ಬಹುಕಾಲ ಮರೆಯಲ್ಲೇ ಇದ್ದ ಥಾಮಸ್ ಅವರಿಗೆ 1976ರಲ್ಲಿ ಗೌರವ ಡಾಕ್ಟರೇಟ್ ದೊರೆಯಿತು. ಇಂದು ಈ ಶಸ್ತ್ರಚಿಕಿತ್ಸೆಯನ್ನು ಮೂವರ ಹೆಸರಿನಿಂದಲೂ ಕರೆಯುತ್ತಾರೆ.

ಇದು ಪೂರ್ಣ ಪರಿಹಾರವಲ್ಲ ಎಂಬುದು ಹೆಲೆನ್ ಅವರಿಗೆ ಚೆನ್ನಾಗಿ ತಿಳಿದಿತ್ತು. ಹೃದಯದೊಳಗಿನ ರಂಧ್ರ ಹಾಗೆಯೇ ಉಳಿದಿತ್ತು. ಹೃದಯವನ್ನೇ ತೆರೆದು ಈ ದೋಷವನ್ನು ಸರಿಪಡಿಸಲು ಸಾಧ್ಯವಾದದ್ದು 1954ರಲ್ಲಿ, ಮಿನೆಸೋಟದ ಡಾ. ಲಿಲೆಹಾಯ್ ಅವರಿಂದ. ಹೆಲೆನ್ ಮಾತ್ರ ತಮ್ಮ ಮಕ್ಕಳ ಕೈ ಬಿಡಲಿಲ್ಲ. 1963ರಲ್ಲಿ ನಿವೃತ್ತರಾದ ಮೇಲೂ ಅವರನ್ನು ಹುಡುಕಿ ವಿಚಾರಿಸಿ, ಶಸ್ತ್ರಚಿಕಿತ್ಸೆಯಾಗಿ ಇಪ್ಪತ್ತು ವರ್ಷ ಮೀರಿದವರ ಸ್ಥಿತಿಗತಿಯನ್ನು 1970ರ ದಶಕದಲ್ಲಿ ಸರಣಿ ಲೇಖನಗಳಲ್ಲಿ ದಾಖಲಿಸಿದರು.

ಅವರು ಹಾಕಿಕೊಟ್ಟ ಆ ಪಾಠವನ್ನು ಇಂದಿನ ವೈದ್ಯರು ಒತ್ತಿ ಹೇಳುತ್ತಾರೆ. ಫಾಲೊ ದೋಷವನ್ನು ಪೂರ್ತಿ ಸರಿಪಡಿಸಿದವರಲ್ಲೂ ಶ್ವಾಸಕೋಶದ ಕಡೆಯ ಕವಾಟ ವರ್ಷಗಟ್ಟಲೆ ಸೋರುತ್ತಿರಬಹುದು. ಆಗ ಹೃದಯದ ಬಲಗಡೆಯ ಕೆಳಕೋಣೆ ಸದ್ದಿಲ್ಲದೆ ಹಿಗ್ಗುತ್ತದೆ. ಆಯಾಸ ಕಾಣದಿದ್ದರೂ ಒಳಗೆ ತೊಂದರೆ ಬೆಳೆಯುತ್ತಿರುತ್ತದೆ. ಹಳೆಯ ಗಾಯದ ಕಲೆಯಿಂದ ಬಡಿತದಲ್ಲಿ ಏರುಪೇರಾಗಿ ಪ್ರಾಣಕ್ಕೇ ಅಪಾಯ ಬರುವುದೂ ಉಂಟು. ಸಕಾಲದಲ್ಲಿ ತಿಳಿದರೆ ಹೊಸ ಕವಾಟ ಹಾಕಬಹುದು. ಕೆಲವರಿಗೆ ಎದೆ ತೆರೆಯದೆ, ಕಾಲಿನ ರಕ್ತನಾಳದ ಮೂಲಕವೇ ಅದು ಸಾಧ್ಯ.

ಆದ್ದರಿಂದ ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಮಗುವಾಗಿದ್ದಾಗ ಹೃದಯದ ಶಸ್ತ್ರಚಿಕಿತ್ಸೆಯಾದವರಿದ್ದರೆ, ಎಲ್ಲ ಸರಿಹೋಯಿತೆಂದು ಮರೆತುಬಿಡಬೇಡಿ. ಆಸ್ಪತ್ರೆಯ ಹಳೆಯ ಕಾಗದಪತ್ರಗಳನ್ನು ಜೋಪಾನವಾಗಿಡಿ. ಯಾವ ದೋಷವಿತ್ತು, ಏನು ಮಾಡಿದರು ಎಂಬುದನ್ನು ಬೆಳೆದ ಮಕ್ಕಳಿಗೆ ತಿಳಿಸಿ. ಚೆನ್ನಾಗಿಯೇ ಇದ್ದರೂ ಹೃದ್ರೋಗ ತಜ್ಞರು ಹೇಳಿದ ಅವಧಿಗೆ ಇ.ಸಿ.ಜಿ., ಎಕೋ ಪರೀಕ್ಷೆ ಮಾಡಿಸಿ. ಹಲ್ಲುಗಳನ್ನು ಶುಚಿಯಾಗಿಡಿ, ಏಕೆಂದರೆ ಬಾಯಿಯ ಸೋಂಕು ರಕ್ತದ ಮೂಲಕ ಹೃದಯಕ್ಕೆ ತಗಲಬಹುದು. ಹೆಣ್ಣುಮಕ್ಕಳು ಗರ್ಭ ಧರಿಸುವ ಮೊದಲೇ ತಜ್ಞರನ್ನು ಕಾಣಲಿ. ಎದೆ ಡವಗುಟ್ಟುವುದು, ತಲೆಸುತ್ತಿ ಬೀಳುವುದು, ಮೊದಲಿಲ್ಲದ ಏದುಸಿರು ಕಂಡರೆ ತಡಮಾಡಬೇಡಿ.

1962ರಲ್ಲಿ ಹೆಲೆನ್ ಜರ್ಮನಿಗೆ ಹೋಗಿ, ಥಾಲಿಡೊಮೈಡ್ ಎಂಬ ಔಷಧದಿಂದ ಅಂಗಹೀನರಾಗಿ ಹುಟ್ಟಿದ ಶಿಶುಗಳನ್ನು ಕಂಡು ತಮ್ಮ ದೇಶವನ್ನು ಎಚ್ಚರಿಸಿದರು. 1964ರಲ್ಲಿ ಅಮೆರಿಕದ ಅಧ್ಯಕ್ಷರಿಂದ ಸ್ವಾತಂತ್ರ್ಯ ಪದಕ ಪಡೆದರು. 1965ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಮೊದಲ ಮಹಿಳಾ ಅಧ್ಯಕ್ಷೆಯಾದರು.

1986ರ ಮೇ 20ರಂದು, ಎಂಬತ್ತೆಂಟು ತುಂಬಲು ನಾಲ್ಕೇ ದಿನವಿರುವಾಗ, ಪೆನ್ಸಿಲ್ವೇನಿಯದಲ್ಲಿ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಮದುವೆಯಾಗದ ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಆದರೆ ಅವರು ಬದುಕಿಸಿದ ಮಕ್ಕಳು ತಾವೂ ತಂದೆತಾಯಿಯರಾಗಿ ಬಾಳಿದರು.