ಕಾಫಿ ಎಲೆ ನೋಡಿ ರೋಗ ಹೇಳುವ ಆ್ಯಪ್ ತಪ್ಪುವುದೇ ಇಲ್ಲವೇ? ಮಹಾಲನೋಬಿಸ್ ಲೆಕ್ಕ ಏನು ಹೇಳುತ್ತದೆ

ಎಲೆಯ ಫೋಟೋ ಹಾಕಿದರೆ ಸಾಕು, ಯಾವ ರೋಗ ಎಂದು ಎಐ ಹೇಳುತ್ತದೆ, ತಪ್ಪುವ ಮಾತೇ ಇಲ್ಲ. ನೀವು ಮೂಡಿಗೆರೆಯವರೋ ಕಳಸದವರೋ ಆಗಿದ್ದು, ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿದ್ದರೆ ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ. ಉಳಿದರ್ಧ ತಿಳಿಯಬೇಕಾದರೆ ಪ್ರಶಾಂತ ಚಂದ್ರ ಮಹಾಲನೋಬಿಸ್ ಅವರ ಕಥೆ ಕೇಳಬೇಕು.

ಅವರು ಹುಟ್ಟಿದ್ದು 1893ರ ಜೂನ್ 29ರಂದು, ಕಲ್ಕತ್ತದಲ್ಲಿ. ಕೇಂಬ್ರಿಜ್‌ನಲ್ಲಿ ಓದಿದ್ದು ಭೌತವಿಜ್ಞಾನ. 1915ರಲ್ಲಿ ಊರಿಗೆ ಹೊರಟಾಗ ಯುದ್ಧದಿಂದಾಗಿ ಹಡಗು ತಡವಾಯಿತು. ಆ ಬಿಡುವಿನಲ್ಲಿ ಕಾಲೇಜಿನ ಲೈಬ್ರರಿಯಲ್ಲಿ ಬಯೋಮೆಟ್ರಿಕಾ ಎಂಬ ಪತ್ರಿಕೆ ಕಣ್ಣಿಗೆ ಬಿತ್ತು. ಅದರ ಸಂಪುಟಗಳನ್ನು ಕೊಂಡು ಹಡಗಿನಲ್ಲೇ ಓದತೊಡಗಿದರು. ಭಾರತದ ಸಂಖ್ಯಾಶಾಸ್ತ್ರ ಶುರುವಾಗಿದ್ದು ಹೀಗೆ, ತಡವಾದ ಹಡಗಿನಿಂದ!

1920ರಲ್ಲಿ ನಾಗಪುರದ ವಿಜ್ಞಾನ ಸಮ್ಮೇಳನದಲ್ಲಿ ಪ್ರಾಣಿವಿಜ್ಞಾನಿ ಅನ್ನಾಂಡೇಲ್ ಅವರಿಗೊಂದು ಕೆಲಸ ಹಚ್ಚಿದರು. ಕಲ್ಕತ್ತದ ಆಂಗ್ಲೋ ಇಂಡಿಯನ್ನರ ದೇಹದ ಅಳತೆಗಳಿವೆ, ವಿಶ್ಲೇಷಿಸಿ ಎಂದು. ತಲೆ, ಮೂಗು ಅಳೆದು ಜನರನ್ನು ವಿಂಗಡಿಸುವ ಆ ಕಾಲದ ಹುಚ್ಚು ನಮಗಂತೂ ಒಪ್ಪಿಗೆಯಿಲ್ಲ. ಆದರೆ ಅದರಿಂದ ಹುಟ್ಟಿದ ಪ್ರಶ್ನೆ ಒಳ್ಳೆಯದಿತ್ತು: ಹಲವು ಅಳತೆಗಳನ್ನು ಒಟ್ಟಿಗೆ ನೋಡಿದಾಗ ಒಂದು ಗುಂಪಿಗೂ ಇನ್ನೊಂದಕ್ಕೂ ಎಷ್ಟು ದೂರ? 1936ರಲ್ಲಿ ಅವರು ಪ್ರಕಟಿಸಿದ ಉತ್ತರಕ್ಕೆ ಈಗ ಮಹಾಲನೋಬಿಸ್ ದೂರ ಎಂದೇ ಹೆಸರು.

ತೋಟದಲ್ಲೇ ಇದನ್ನು ಅರ್ಥ ಮಾಡಿಕೊಳ್ಳಬಹುದು. ಕಾಫಿ ಎಲೆ ಉದ್ದವಾದಂತೆ ಅಗಲವೂ ಆಗುತ್ತದೆ. ಉದ್ದ ಎಲೆ ಸಿಕ್ಕರೆ ಅಚ್ಚರಿಯಿಲ್ಲ, ಅಗಲ ಕಡಿಮೆಯ ಎಲೆಯೂ ಅಚ್ಚರಿಯಲ್ಲ. ಆದರೆ ತುಂಬ ಉದ್ದವಿದ್ದೂ ಕಿರಿದಾಗಿರುವ ಎಲೆ ಕಂಡರೆ ನೀವು ನಿಂತು ನೋಡುತ್ತೀರಿ. ಒಂದೊಂದೇ ಅಳತೆಗೆ ಸಿಗದ ಆ ವಿಚಿತ್ರವನ್ನು ಈ ಲೆಕ್ಕ ಹಿಡಿಯುತ್ತದೆ.

1931ರಲ್ಲಿ ಮಹಾಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1941ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಬಂದರು. ಸುಡಾನಿನ ಜೆಬೆಲ್ ಮೋಯಾದಲ್ಲಿ ಸಿಕ್ಕ ಹಳೆಯ ಅಸ್ಥಿಗಳನ್ನು ಇದೇ ವಿಧಾನದಿಂದ ವಿಶ್ಲೇಷಿಸಲು 1946ರಲ್ಲಿ ಅವರನ್ನು ಕೇಂಬ್ರಿಜ್‌ಗೆ ಕಳಿಸಲಾಯಿತು. ಮುಂದೆ ರಾವ್ ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು.

ಮಹಾಲನೋಬಿಸ್ 1972ರ ಜೂನ್ 28ರಂದು ತೀರಿಕೊಂಡರು, 79 ತುಂಬಲು ಒಂದೇ ದಿನ ಬಾಕಿ. ಅವರ ಲೆಕ್ಕ ಮಾತ್ರ ಉಪಗ್ರಹ ಚಿತ್ರಗಳಲ್ಲಿ ಕಾಡು ಯಾವುದು, ಗದ್ದೆ ಯಾವುದು ಎಂದು ಬೇರ್ಪಡಿಸುವ ಕೆಲಸಕ್ಕೂ ಬಂತು.

ಈಗ ಆ್ಯಪ್‌ಗೆ ಬರೋಣ. ಇಂದಿನ ಆ್ಯಪ್‌ಗಳು ಸಾಮಾನ್ಯವಾಗಿ ನಡೆಯುವುದು ನರಜಾಲ ಎಂಬ ಬೇರೆ ಲೆಕ್ಕದ ಮೇಲೆ. ಕಲಿಸಿದ ರೋಗಗಳಲ್ಲಿ ನಿಮ್ಮ ಫೋಟೋಗೆ ಯಾವುದು ಹೆಚ್ಚು ಹೊಂದುತ್ತದೋ ಆ ಹೆಸರು ಹೇಳುತ್ತವೆ. ಮೆಣಸಿನ ಎಲೆ ತೋರಿಸಿದರೂ ಕಾಫಿ ರೋಗವೊಂದರ ಹೆಸರು ಬರಬಹುದು. ಇಂಥ ಫೋಟೋ ತಾನು ಕಲಿತದ್ದಕ್ಕೆ ಎಷ್ಟು ದೂರ ಎಂದು ಯಂತ್ರಕ್ಕೇ ತಿಳಿಸಲು ಸಂಶೋಧಕರು ಮತ್ತೆ ಮಹಾಲನೋಬಿಸ್ ದೂರವನ್ನೇ ಬಳಸಿದ್ದಾರೆ. ನಿಮ್ಮ ಫೋನಿನ ಆ್ಯಪ್‌ನಲ್ಲಿ ಅದು ಇರಲೇಬೇಕೆಂದಿಲ್ಲ.

ತುಕ್ಕು ರೋಗದ ಕಿತ್ತಳೆ ಪುಡಿ ಇರುವುದು ಎಲೆಯ ಅಡಿಭಾಗದಲ್ಲಿ. ಮೇಲಿನಿಂದ ಕಾಣುವುದು ಬರೀ ಹಳದಿ ಚುಕ್ಕೆ. ಪೋಷಕಾಂಶದ ಕೊರತೆಯಾದರೂ ಎಲೆ ಹಳದಿಯಾಗುತ್ತದೆ. ಹಾಗಾಗಿ ಎಲೆ ಮಗುಚಿ ಎರಡೂ ಕಡೆ ಫೋಟೋ ತೆಗೆಯಿರಿ. ಬೋರ್ಡೋ ಕಲಸುವ ಮುಂಚೆ ನಾಲ್ಕು ಎಲೆ ಹಿಡಿದು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರನ್ನೂ ಒಮ್ಮೆ ಕೇಳಿ.